ಅರೇನಿಯ ಬಗ್ಗೆ ಬರೆಯುವಾಗ ಅಳತೆ ತಪ್ಪದಿರಲಿ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುಟದಲ್ಲಿ ಅರ್ಮೇನಿಯಾದ ಅರೇನಿ ಎಂಬ ಹಳ್ಳಿಯ ಬಗ್ಗೆ ಬಂದ ಬರಹ ಓದಿದೆ. ಆ ದೇಶದ ಬಗ್ಗೆ ಕನ್ನಡದಲ್ಲಿ ಬರುವುದೇ ಅಪರೂಪ. ಅದಕ್ಕೆ ಜಾಗ ಕೊಟ್ಟಿದ್ದೀರಿ, ಸಂತೋಷ. ಆದರೆ ‘ಜಗತ್ತಿನ ಮೊದಲ ವೈನ್’, ‘ಜಗತ್ತಿನ ಮೊದಲ ಪಾದರಕ್ಷೆ’, ‘ಆರು ಸಾವಿರ ವರ್ಷಗಳಿಂದ ಕಡಿಯದೆ ಬಂದ ಪರಂಪರೆ’ ಎಂಬ ಮೂರು ಮಾತುಗಳು ಆ ಬರಹದಲ್ಲಿವೆ. ಪ್ರವಾಸಿ ಕರಪತ್ರಗಳಲ್ಲೂ ಇವೇ ಮಾತುಗಳು ಓಡಾಡುತ್ತವೆ. ಮೂರೂ ಸರಿಯಲ್ಲ. ಅರೇನಿಯಲ್ಲಿ ನಿಜಕ್ಕೂ ಸಿಕ್ಕಿರುವುದು ಈ ಘೋಷಣೆಗಳಿಗಿಂತ ಹೆಚ್ಚು ಸ್ವಾರಸ್ಯದ್ದು. ಉತ್ಪ್ರೇಕ್ಷೆಯ ಅಡಿಯಲ್ಲಿ ಅದು ಮರೆಯಾಗುತ್ತಿದೆ ಎಂಬ ಕಾರಣಕ್ಕೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಜಾಗದ ಪರಿಚಯ. ರಾಜಧಾನಿ ಎರೆವಾನ್‌ನಿಂದ ಆಗ್ನೇಯಕ್ಕೆ ಇರಾನ್ ಗಡಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಎರಡು ಗಂಟೆಯೊಳಗಿನ ದಾರಿ. ಪ್ರಾಂತ್ಯದ ಹೆಸರು ವಾಯೊತ್ಸ್ ಜೋರ್. ಅರ್ಪಾ ನದಿಯ ದಂಡೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ, ಬೋಳು ಕಡಿಬಂಡೆಗಳ ನಡುವೆ ಈ ಹಳ್ಳಿ ಇದೆ. 1946ರವರೆಗೆ ಇದಕ್ಕೂ ನದಿಯ ಹೆಸರೇ ಇತ್ತು, ಅರ್ಪಾ ಎಂದು. ಊರಿನಿಂದ ಸ್ವಲ್ಪ ಮುಂದೆ, ಗ್ನಿಶಿಕ್ ಎಂಬ ಹೊಳೆ ಕಿರಿದಾದ ಕೊರಕಲಿನಿಂದ ಹೊರಬಂದು ಅರ್ಪಾವನ್ನು ಸೇರುತ್ತದೆ. ಆ ಕೊರಕಲಿನ ಬಾಯಲ್ಲೇ, ರಸ್ತೆಯಿಂದ ಕೆಲವು ಮೆಟ್ಟಿಲು ಮೇಲೆ, ಸುಣ್ಣಕಲ್ಲಿನ ಬಂಡೆಯಲ್ಲಿ ಒಂದು ಗುಹೆ. ಪುರಾತತ್ವದವರು ಅದನ್ನು ಅರೇನಿ-1 ಎನ್ನುತ್ತಾರೆ, ಸ್ಥಳೀಯರು ಹಕ್ಕಿಗಳ ಗುಹೆ ಎನ್ನುತ್ತಾರೆ.

2007ರಲ್ಲಿ ಇಲ್ಲಿ ಕ್ರಮಬದ್ಧ ಉತ್ಖನನ ಶುರುವಾಯಿತು. ಅರ್ಮೇನಿಯಾದ ಬೋರಿಸ್ ಗ್ಯಾಸ್ಪರ್ಯಾನ್, ಆಗ ಐರ್ಲೆಂಡಿನ ಕಾರ್ಕ್ ವಿಶ್ವವಿದ್ಯಾಲಯದಲ್ಲಿದ್ದ ರಾನ್ ಪಿನ್ಹಾಸಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರೆಗರಿ ಅರೆಶಿಯಾನ್ ಇದರ ಮುಂಚೂಣಿಯಲ್ಲಿದ್ದವರು. ಗುಹೆಯೊಳಗೆ ಮೂರು ಕೋಣೆಗಳಂಥ ಭಾಗಗಳಿವೆ. ಸಿಕ್ಕ ವಸ್ತುಗಳಲ್ಲಿ ಬಹುಪಾಲು ತಾಮ್ರಶಿಲಾಯುಗದ ಕೊನೆಯವು, ಅಂದರೆ ಕ್ರಿ.ಪೂ. 4300ರಿಂದ 3400ರ ಆಸುಪಾಸಿನವು. ಅದರ ಮೇಲೆ ಮಧ್ಯಯುಗದವರೂ ಬಂದು ವಾಸವಿದ್ದು ಹೋಗಿದ್ದಾರೆ.

ಇಲ್ಲಿ ಆಶ್ಚರ್ಯಪಡಬೇಕಾದ್ದು ವಸ್ತುಗಳ ವಯಸ್ಸಿಗಿಂತ ಅವು ಉಳಿದ ಸ್ಥಿತಿ. ಸಾಮಾನ್ಯವಾಗಿ ಅಷ್ಟು ಹಳೆಯ ನೆಲೆಗಳಲ್ಲಿ ನಮಗೆ ಸಿಗುವುದು ಕಲ್ಲು, ಮೂಳೆ, ಮಡಕೆಯ ಚೂರು. ಚರ್ಮ, ಹುಲ್ಲು, ಹಗ್ಗ, ಹಣ್ಣಿನ ಸಿಪ್ಪೆ ಇವೆಲ್ಲ ಕೊಳೆತು ಹೋಗಿರುತ್ತವೆ. ಕೊಳೆಯಬೇಕಾದರೆ ಸೂಕ್ಷ್ಮಜೀವಿಗಳಿಗೆ ತೇವ ಬೇಕು, ಗಾಳಿ ಬೇಕು. ಅರೇನಿಯ ಗುಹೆಯಲ್ಲಿ ಒಳಗಿನ ತಂಪು ವರ್ಷವಿಡೀ ಹೆಚ್ಚು ಏರುಪೇರಾಗುವುದಿಲ್ಲ, ತೇವವೂ ತೀರಾ ಕಡಿಮೆ. ಜೊತೆಗೆ ನಂತರದ ಕಾಲದಲ್ಲಿ ಕುರಿ ಮೇಕೆಗಳನ್ನು ಅಲ್ಲಿ ಕೂಡಿಹಾಕಿದ್ದರಿಂದ ಹಿಕ್ಕೆ ದಪ್ಪ ಪದರವಾಗಿ ಬಿದ್ದು, ಒಣಗಿ ಗಟ್ಟಿಯಾಗಿ, ಕೆಳಗಿದ್ದದ್ದಕ್ಕೆ ಮುಚ್ಚಳವಾಯಿತು. ತಂಪು, ಒಣಹವೆ, ಮುಚ್ಚಳ ಈ ಮೂರೂ ಒಟ್ಟಿಗೆ ಬಿದ್ದ ಜಾಗ ಪ್ರಪಂಚದಲ್ಲಿ ಬಹಳ ಇಲ್ಲ. ಈ ಮೂರರಲ್ಲಿ ಒಂದು ಕೆಟ್ಟರೂ ಉಳಿದಿರುವುದು ಹಾಳಾಗುತ್ತದೆ ಎಂಬುದನ್ನು ಪ್ರವಾಸಿಗಳು ನೆನಪಿಡಬೇಕು. ಒಳಗೆ ಹೋದ ಪ್ರತಿಯೊಬ್ಬರೂ ಉಸಿರಿನಲ್ಲಿ ತೇವ ಬಿಟ್ಟು ಬರುತ್ತಾರೆ.

ಈಗ ವೈನಿನ ವಿಷಯಕ್ಕೆ ಬರುತ್ತೇನೆ. 2011ರ ಜನವರಿಯಲ್ಲಿ ಪ್ರಕಟವಾದ ಸಂಶೋಧನೆ ಹೇಳಿದ್ದು ಇಷ್ಟು: ಕ್ರಿ.ಪೂ. 4100-4000ರ ಸುಮಾರಿಗೆ ಈ ಗುಹೆಯಲ್ಲಿ ದ್ರಾಕ್ಷಿ ತುಳಿದು, ರಸ ಹುದುಗಿಸಿ, ತುಂಬಿಡುವ ಪೂರ್ತಿ ಏರ್ಪಾಡು ಇತ್ತು. ಅದರ ಭಾಗಗಳನ್ನು ಒಂದೊಂದಾಗಿ ನೋಡಿದರೆ ಅವರ ತಿಳಿವಳಿಕೆ ಎಷ್ಟಿತ್ತೆಂದು ಗೊತ್ತಾಗುತ್ತದೆ.

ಮೊದಲನೆಯದು ತುಳಿಯುವ ಹಾಸು. ನೆಲದ ಮೇಲೆ ಜೇಡಿಮಣ್ಣು ಮೆತ್ತಿ ಮಾಡಿದ, ಸುಮಾರು ಒಂದು ಮೀಟರ್ ಅಗಲದ, ಸುಮಾರು 15 ಸೆಂಟಿಮೀಟರ್ ಅಂಚಿರುವ ತಟ್ಟೆಯಾಕಾರದ ಜಾಗ. ಒಬ್ಬರು ನಿಂತು ತುಳಿಯಲು ಸಾಕು, ಇಬ್ಬರಿಗೆ ಇಕ್ಕಟ್ಟು. ಇದರ ನೆಲ ಒಂದು ಕಡೆಗೆ ವಾಟವಾಗಿದೆ. ಆ ವಾಟದ ಕೊನೆಯಲ್ಲಿ, ನೆಲದೊಳಗೆ ಹೂತಿಟ್ಟ ಸುಮಾರು 60 ಸೆಂಟಿಮೀಟರ್ ಆಳದ ಬಾನಿ. ತುಳಿದ ರಸ ತಾನಾಗಿ ಅದಕ್ಕೆ ಇಳಿಯಬೇಕು. ಬಾನಿಯಲ್ಲಿ 52-54 ಲೀಟರ್ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಒಂದು ಲೀಟರ್ ರಸಕ್ಕೆ ಒಂದೂವರೆ ಕಿಲೋ ಹಣ್ಣು ಎಂದು ಹಿಡಿದರೆ ಬಾನಿ ತುಂಬಲು 75-80 ಕಿಲೋ ದ್ರಾಕ್ಷಿ ಬೇಕು. ಆದರೆ ಹುದುಗುವ ರಸವನ್ನು ಕಂಠಮಟ್ಟ ತುಂಬುವಂತಿಲ್ಲ. ನೊರೆಯೂ ಸಿಪ್ಪೆಯೂ ಮೇಲೇಳುತ್ತವೆ, ಕಾಲುಭಾಗವಾದರೂ ಖಾಲಿ ಬಿಡಬೇಕು. ಹಾಗಾಗಿ ಒಂದು ಸಲಕ್ಕೆ 40 ಲೀಟರ್ ಆದರೆ ಹೆಚ್ಚು. ಇದು ವ್ಯಾಪಾರದ ಪ್ರಮಾಣವಲ್ಲ.

ಹಾಸಿನ ಮೇಲೆ ರುಬ್ಬುಗಲ್ಲು, ಒನಕೆಯಂಥ ಸಾಧನ ಸಿಕ್ಕಿಲ್ಲ, ಆದ್ದರಿಂದ ಕಾಲಿನಿಂದಲೇ ತುಳಿದಿರಬೇಕು ಎಂದು ಸಂಶೋಧಕರ ಅಭಿಪ್ರಾಯ. ಇದು ಸಾಧನ ಇಲ್ಲದವರ ಬಡತನ ಎಂದು ತಿಳಿಯಬಾರದು. ಕಲ್ಲಿನಡಿ ಹಾಕಿದರೆ ಬೀಜ ಒಡೆಯುತ್ತದೆ, ಬೀಜದೊಳಗಿನ ಎಣ್ಣೆ ಮತ್ತು ಒಗರು ರಸಕ್ಕೆ ಇಳಿದು ಕಹಿಯಾಗುತ್ತದೆ. ಬರಿಗಾಲು ಹಣ್ಣನ್ನು ಒಡೆಯುತ್ತದೆ, ಬೀಜವನ್ನು ಒಡೆಯುವುದಿಲ್ಲ. ತೀರಾ ಇತ್ತೀಚಿನವರೆಗೂ ಹಲವು ದೇಶಗಳಲ್ಲಿ ಇದೇ ರೂಢಿ ಇದ್ದದ್ದು ಸುಮ್ಮನೆ ಅಲ್ಲ.

ಬಾನಿಗೆ ಬಿದ್ದ ರಸದಲ್ಲಿ ಸಿಪ್ಪೆಗೆ ಅಂಟಿಕೊಂಡಿರುವ ಕಾಡು ಯೀಸ್ಟ್ ಒಂದೆರಡು ದಿನದಲ್ಲಿ ಕೆಲಸ ಶುರುಮಾಡುತ್ತದೆ. ಸಕ್ಕರೆ ಮದ್ಯಸಾರವಾಗುತ್ತದೆ, ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಮೇಲೆ ಬರುತ್ತದೆ. ಆ ಗುಳ್ಳೆಗಳು ಸಿಪ್ಪೆಯನ್ನೆಲ್ಲ ಎತ್ತಿ ಮೇಲೆ ದಪ್ಪ ಹೆಪ್ಪಿನಂತೆ ನಿಲ್ಲಿಸುತ್ತವೆ. ಇದನ್ನು ದಿನಕ್ಕೆ ಎರಡು ಮೂರು ಸಲ ಕೆಳಗೆ ಒತ್ತದಿದ್ದರೆ ಗಾಳಿ ತಾಗಿದ ಸಿಪ್ಪೆಯಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾ ಬೆಳೆದು ಇಡೀ ಬಾನಿ ವಿನೆಗರ್ ಆಗುತ್ತದೆ. ಬಿಸಿ ಹೆಚ್ಚಾದರೂ ಯೀಸ್ಟ್ ಸಾಯುತ್ತದೆ, ಅರ್ಧಕ್ಕೇ ನಿಂತ ರಸ ಬೇಗ ಕೆಡುತ್ತದೆ. ಸುಗ್ಗಿಯ ಕಾಲದಲ್ಲಿ ಹೊರಗಿನ ಹಗಲು ಬಿಸಿ, ರಾತ್ರಿ ಚಳಿ. ಅಂಥ ಕಡೆ ಬಾನಿಯನ್ನು ಗುಹೆಯ ನೆಲದಲ್ಲಿ ಹೂತದ್ದು ಇದಕ್ಕೆಲ್ಲ ಒಟ್ಟಿಗೆ ಸಿಕ್ಕ ಉತ್ತರ. ಒಂದೇ ಅಪಾಯ: ಈ ಅನಿಲ ಗಾಳಿಗಿಂತ ಭಾರ, ಗುಹೆಯ ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿ ಓಡಾಡದ ಮೂಲೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿದರೆ ಬಗ್ಗಿದವರು ಉಸಿರುಗಟ್ಟಿ ಬೀಳುತ್ತಾರೆ. ಸಣ್ಣ ಬಾನಿಯಾದ್ದರಿಂದ ಅವರು ಪಾರಾಗಿರಬಹುದು.

ಹುದುಗಿದ್ದನ್ನು ತುಂಬಿಡಲು ಗಡಿಗೆಗಳು, ಕುಡಿಯಲು ಒಂದು ಬಟ್ಟಲು, ಪ್ರಾಣಿಯ ಕೊಂಬಿನ ಒಂದು ಪಾತ್ರೆ, ಇವೂ ಅಲ್ಲೇ ಸಿಕ್ಕಿವೆ. ಒಣಗಿದ ಬಳ್ಳಿ, ಬೀಜ, ಹಿಂಡಿದ ಹಿಪ್ಪೆ ಕೂಡ ಉಳಿದಿವೆ. ಬೀಜಗಳು ಕಾಡುದ್ರಾಕ್ಷಿಯವಲ್ಲ, ಸಾಕಿ ಬೆಳೆಸಿದ ಜಾತಿಯವು.

ಇಷ್ಟಾದರೂ ಅದು ವೈನೇ ಎಂದು ಹೇಗೆ ಹೇಳುವುದು? ರೂಢಿಯ ಪರೀಕ್ಷೆ ಟಾರ್ಟಾರಿಕ್ ಆಮ್ಲದ್ದು. ಅದು ದ್ರಾಕ್ಷಿಯಲ್ಲಿ ಹೇರಳವಾಗಿದೆ. ಆದರೆ ಬೇರೆ ಹಣ್ಣುಗಳಲ್ಲೂ ಇರುತ್ತದೆ, ನಮ್ಮ ಹುಣಸೆಯ ಹುಳಿಯಲ್ಲೂ ಇರುವುದು ಅದೇ. ಅದಕ್ಕಾಗಿ ಅರೇನಿಯ ತಂಡ ಕೆಂಪು ದ್ರಾಕ್ಷಿಗೆ ಬಣ್ಣ ಕೊಡುವ ಮಾಲ್ವಿಡಿನ್ ಎಂಬ ವಸ್ತುವಿನ ಗುರುತನ್ನು ಮಡಕೆಯ ಚೂರುಗಳಲ್ಲಿ ಹುಡುಕಿತು, ಸಿಕ್ಕಿತು. ಮಾಲ್ವಿಡಿನ್ ದಾಳಿಂಬೆಯಲ್ಲೂ ಇದೆ, ಅರ್ಮೇನಿಯಾ ದಾಳಿಂಬೆಯ ನಾಡು. ಆದರೆ ಆ ಜಾಗದಲ್ಲಿ ದಾಳಿಂಬೆಯ ಕುರುಹು ಇರಲಿಲ್ಲ, ದ್ರಾಕ್ಷಿಯದು ರಾಶಿ ಇತ್ತು. ಹೀಗೆ ಒಂದು ಸಾಕ್ಷ್ಯ ಇನ್ನೊಂದಕ್ಕೆ ಒತ್ತಾಸೆಯಾಗಿ ನಿಂತದ್ದರಿಂದ ತೀರ್ಮಾನ ಗಟ್ಟಿಯಾಯಿತು.

ಆದ್ದರಿಂದ ಅರೇನಿಯದು ‘ಈವರೆಗೆ ತಿಳಿದಿರುವ ಅತಿ ಹಳೆಯ ವೈನ್ ತಯಾರಿಕಾ ಘಟಕ’. ತುಳಿಯುವ ಹಾಸು, ಹುದುಗುವ ಬಾನಿ, ತುಂಬಿಡುವ ಗಡಿಗೆ ಮೂರೂ ಒಂದೇ ಕಡೆ ಇರುವ ಜಾಗ. ಅತಿ ಹಳೆಯ ವೈನ್ ಅಲ್ಲ. ಇರಾನಿನ ಹಾಜಿ ಫಿರೂಜ್ ದಿಬ್ಬದ ಗಡಿಗೆಗಳು ಕ್ರಿ.ಪೂ. 5400-5000ರವು. 2017ರಲ್ಲಿ ಜಾರ್ಜಿಯಾದ ಗದಾಚ್ರಿಲಿ ಗೋರಾ, ಶುಲಾವೆರಿ ಗೋರಾ ಎಂಬ ನೆಲೆಗಳ ಮಡಕೆಗಳಲ್ಲಿ ಕ್ರಿ.ಪೂ. 6000ದ ಹತ್ತಿರದ ಕುರುಹು ಸಿಕ್ಕಿತು. ಅಲ್ಲಿ ಮಡಕೆಗಳಿವೆ, ಏರ್ಪಾಡು ಇಲ್ಲ. ಇಲ್ಲಿ ಏರ್ಪಾಡು ಇದೆ, ವಯಸ್ಸು ಕಡಿಮೆ. ಈ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ಹೇಳಬಹುದು. ಹೇಳದಿದ್ದರೆ ಅಕ್ಕಪಕ್ಕದ ಎರಡು ದೇಶಗಳ ನಡುವಿನ ‘ನಾವೇ ಮೊದಲು’ ಎಂಬ ಜಗಳಕ್ಕೆ ಕನ್ನಡದ ಓದುಗನನ್ನೂ ಎಳೆದಂತಾಗುತ್ತದೆ.

ನಿಮ್ಮ ಬರಹ ಬಿಟ್ಟ ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಈ ಬಾನಿ ಇರುವುದು ಸಮಾಧಿಗಳ ನಡುವೆ. ಅದೇ ಗುಹೆಯಲ್ಲಿ ಮೂವರು ಹದಿಹರೆಯದವರ ತಲೆಬುರುಡೆಗಳು ಮಡಕೆಗಳೊಳಗೆ ಸಿಕ್ಕಿವೆ. ಒಂದರಲ್ಲಿ ಮಿದುಳಿನ ಅಂಗಾಂಶ ಒಣಗಿ ಉಳಿದಿತ್ತು. ಸತ್ತವರ ಪಕ್ಕದಲ್ಲಿ ರಸ ತುಳಿದು ಕುಡಿದದ್ದು ಒಂದು ಆಚರಣೆಯಾಗಿರಬೇಕು ಎಂದು ಉತ್ಖನನಕಾರರು ಹೇಳುತ್ತಾರೆ. 40 ಲೀಟರಿನ ಪ್ರಮಾಣವೂ ಅದಕ್ಕೆ ಹೊಂದುತ್ತದೆ. ಇದನ್ನು ‘ನರಬಲಿಯ ಗುಹೆ’ ಎಂದು ಬರೆಯುವ ಚಾಳಿ ಜಾಲತಾಣಗಳಲ್ಲಿದೆ. ತಲೆಯನ್ನು ಬೇರೆಯಾಗಿ ಮಡಕೆಯಲ್ಲಿಟ್ಟು ಹೂತಿದ್ದಾರೆ ಎಂಬುದು ಕಂಡ ಸಂಗತಿ. ಯಾಕೆ ಎಂಬುದು ಊಹೆ. ಎರಡನ್ನೂ ಬೆರೆಸಬಾರದು.

ಇನ್ನು ಪಾದರಕ್ಷೆ. 2008ರಲ್ಲಿ ಇದನ್ನು ಕಂಡವರು ಆಗ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಡಯಾನಾ ಜರ್ದಾರ್ಯಾನ್. ಅರ್ಧ ಮೀಟರಿಗೂ ಕಡಿಮೆ ಆಳದ ಒಂದು ಗುಂಡಿಯ ತಳದಲ್ಲಿ, ಒಡೆದ ಮಡಕೆಯ ಕೆಳಗೆ ಬೋರಲಾಗಿತ್ತು. ಜೊತೆಗೆ ಕುರಿ ಮೇಕೆಯ ಕೊಂಬುಗಳು. ಸ್ಥಿತಿ ಎಷ್ಟು ಚೆನ್ನಾಗಿತ್ತೆಂದರೆ ಆರೇಳು ನೂರು ವರ್ಷದ್ದಿರಬಹುದು ಎಂದು ಮೊದಲು ಅಂದುಕೊಂಡಿದ್ದರು. ಆಕ್ಸ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾದ ಎರಡು ಪ್ರಯೋಗಾಲಯಗಳಲ್ಲಿ ಇಂಗಾಲದ ಕಾಲನಿರ್ಣಯ ಆದಾಗ ಬಂದದ್ದು ಕ್ರಿ.ಪೂ. 3500ರ ಆಸುಪಾಸು. ಫಲಿತಾಂಶ 2010ರ ಜೂನ್‌ನಲ್ಲಿ ಪ್ರಕಟವಾಯಿತು.

ಅದು ಬಲಗಾಲಿನದು. ಉದ್ದ 24.5 ಸೆಂಟಿಮೀಟರ್, ಈಗಿನ ಯುರೋಪಿನ ಅಳತೆಯಲ್ಲಿ 37. ಹಾಗಾಗಿ ಹೆಂಗಸಿನದು ಎಂದು ಕೆಲವರು ಬರೆಯುತ್ತಾರೆ. ಆ ಕಾಲದ ಗಂಡಸಿನ ಕಾಲೂ ಅಷ್ಟೇ ಇದ್ದಿರಬಹುದಾದ್ದರಿಂದ ಹಾಗೆ ಹೇಳಲಾಗದು. ಮಾಡಿದ ಬಗೆ ನೋಡಿ: ದನದ ಚರ್ಮದ ಒಂದೇ ತುಂಡು. ಅಟ್ಟೆ ಬೇರೆ, ಮೇಲ್ಭಾಗ ಬೇರೆ ಎಂದಿಲ್ಲ. ಚರ್ಮವನ್ನು ಹದ ಮಾಡಿ, ನೆನೆಸಿ ಮೆತ್ತಗಾದಾಗ ಪಾದದ ಸುತ್ತ ಮಡಚಿ ಆಕಾರ ಕೊಟ್ಟಿರಬೇಕು. ಮಡಚಿದ ಅಂಚುಗಳು ಕೂಡುವುದು ಎರಡೇ ಕಡೆ, ಹಿಮ್ಮಡಿಯ ಹಿಂದೆ ಮತ್ತು ಪಾದದ ಮೇಲೆ. ಆ ಎರಡೂ ಕಡೆ ತೂತು ಮಾಡಿ ಚರ್ಮದ ದಾರ ಪೋಣಿಸಿ ಬಿಗಿದಿದ್ದಾರೆ. ಅಡಿಯಲ್ಲಿ ಹೊಲಿಗೆಯೇ ಇಲ್ಲ. ಕಲ್ಲುನೆಲದಲ್ಲಿ ನಡೆಯುವವರಿಗೆ ಇದರ ಬೆಲೆ ಗೊತ್ತು. ಅಡಿಯ ಹೊಲಿಗೆಯೇ ಮೊದಲು ಸವೆದು ಬಿಚ್ಚಿಕೊಳ್ಳುವುದು, ತೇವ ಒಳಗೆ ಬರುವುದೂ ಅಲ್ಲಿಂದಲೇ. ಸವೆತ ಕಾಣುವುದು ಹಿಮ್ಮಡಿಯಲ್ಲಿ ಮತ್ತು ಹೆಬ್ಬೆರಳ ಬುಡದಲ್ಲಿ, ಅಂದರೆ ಚೆನ್ನಾಗಿ ಹಾಕಿ ನಡೆದ ಪಾದರಕ್ಷೆ, ಶವದ ಜೊತೆ ಇಡಲೆಂದು ಮಾಡಿದ್ದಲ್ಲ. ಒಳಗೆ ಹುಲ್ಲು ತುರುಕಿದ್ದರು. ಕಾಲು ಬೆಚ್ಚಗಿರಲೆಂದೋ, ತೆಗೆದಿಟ್ಟಾಗ ಆಕಾರ ಕೆಡದಿರಲೆಂದೋ ತೀರ್ಮಾನವಾಗಿಲ್ಲ.

ಇದು ಜಗತ್ತಿನ ಮೊದಲ ಪಾದರಕ್ಷೆ ಅಲ್ಲ. ಅಮೆರಿಕದ ಓರೆಗನ್‌ನ ಫೋರ್ಟ್ ರಾಕ್ ಗುಹೆಯಲ್ಲಿ ಸಿಕ್ಕ, ಗಿಡದ ನಾರಿನಿಂದ ಹೆಣೆದ ಚಪ್ಪಲಿಗಳು ಇದಕ್ಕಿಂತ ಸಾವಿರಾರು ವರ್ಷ ಹಿಂದಿನವು. ಅರೇನಿಯದು ‘ಈವರೆಗೆ ತಿಳಿದ ಅತಿ ಹಳೆಯ ಚರ್ಮದ ಶೂ’. ಆಲ್ಪ್ಸ್ ಹಿಮದಲ್ಲಿ ಸಿಕ್ಕ ಓಟ್ಸಿ ಎಂಬ ಪ್ರಾಚೀನ ಮನುಷ್ಯನ ಕಾಲಿನದಕ್ಕಿಂತ ಕೆಲವು ನೂರು ವರ್ಷ ಹಳೆಯದು. ಇನ್ನೊಂದು ತಿದ್ದುಪಡಿ: ಅದು ಈಗ ಅರೇನಿಯಲ್ಲಿಲ್ಲ. ಎರೆವಾನ್‌ನ ಗಣರಾಜ್ಯ ಚೌಕದಲ್ಲಿರುವ ಅರ್ಮೇನಿಯಾ ಇತಿಹಾಸ ಸಂಗ್ರಹಾಲಯದಲ್ಲಿದೆ. ಗುಹೆಯಲ್ಲಿ ಅದನ್ನು ಹುಡುಕಿ ನಿರಾಶರಾಗುವವರು ಬಹಳ.

ಮೂರನೆಯ ಮಾತು, ‘ಕಡಿಯದೆ ಬಂದ ಪರಂಪರೆ’. ಇದೇ ಹೆಚ್ಚು ಹಾನಿ ಮಾಡುವ ಮಾತು ಎಂದು ನನ್ನ ನಂಬಿಕೆ. ಇದು ನಡುವಿನ ಸಾವಿರಾರು ವರ್ಷಗಳ ನೋವನ್ನೂ ವಲಸೆಯನ್ನೂ ಅಳಿಸಿಬಿಡುತ್ತದೆ. ಈ ಕಣಿವೆ ಪರ್ಷಿಯಾ, ತುರ್ಕಿ, ರಷ್ಯಾಗಳ ನಡುವೆ ಸಿಕ್ಕಿಕೊಂಡ ನೆಲ. ಅರ್ಪಾ ನದಿ ಕೆಳಗೆ ಹರಿದು ಸೇರುವುದು ಅರಸ್ ನದಿಯನ್ನು. ಅರಸ್ ದಂಡೆಯ ಜುಲ್ಫಾ ಪಟ್ಟಣದ ಅರ್ಮೇನಿಯನ್ ವರ್ತಕರನ್ನು 1604-05ರಲ್ಲಿ ಪರ್ಷಿಯಾದ ಷಾ ಅಬ್ಬಾಸ್ ಊರುಸಮೇತ ಎಬ್ಬಿಸಿ ಇಸ್ಫಹಾನಿಗೆ ಸಾಗಿಸಿದ. ಅಲ್ಲಿನ ಹೊಸ ಜುಲ್ಫಾದಿಂದ ಅವರ ವ್ಯಾಪಾರ ಸೂರತ್, ಮದ್ರಾಸು, ಕಲ್ಕತ್ತಾದವರೆಗೂ ಹಬ್ಬಿತು. ಚೆನ್ನೈನ ಅರ್ಮೇನಿಯನ್ ಬೀದಿಯೂ ಅಲ್ಲಿನ ಚರ್ಚೂ ಆ ವಲಸೆಯ ಗುರುತು. ಪತ್ರಿಕೆಯವರಾದ ನಿಮಗೆ ಇದು ಆಸಕ್ತಿ ಹುಟ್ಟಿಸಬಹುದು: ಅರ್ಮೇನಿಯನ್ ಭಾಷೆಯ ಮೊದಲ ನಿಯತಕಾಲಿಕ ‘ಅಜ್ದರಾರ್’ 1794ರಲ್ಲಿ ಹೊರಬಂದದ್ದು ಅರ್ಮೇನಿಯಾದಲ್ಲಿ ಅಲ್ಲ, ಮದ್ರಾಸಿನಲ್ಲಿ. ಹಾರುತ್ಯುನ್ ಷ್ಮಾವೊನ್ಯಾನ್ ಎಂಬ ಪಾದ್ರಿ ಅದರ ಸಂಪಾದಕ. ರಷ್ಯಾ-ಪರ್ಷಿಯಾ ನಡುವಿನ 1828ರ ತುರ್ಕಮಂಚಾಯ್ ಒಪ್ಪಂದದಲ್ಲಿ ಈ ಭಾಗ ರಷ್ಯಾಕ್ಕೆ ಹೋದ ಮೇಲೆ ಪರ್ಷಿಯಾದಿಂದ ಅರ್ಮೇನಿಯನ್ನರು ಮರಳಿ ಬಂದು ವಾಯೊತ್ಸ್ ಜೋರ್‌ನ ಹಳ್ಳಿಗಳಲ್ಲಿ ನೆಲೆಯಾದರು. ಈಗಿನ ಬೆಳೆಗಾರರಲ್ಲಿ ಎಷ್ಟೋ ಜನ ಹೀಗೆ ಬಂದವರ ವಂಶದವರು. ಗುಹೆಯಲ್ಲಿ ತುಳಿದವರಿಗೂ ಇವರಿಗೂ ನೇರ ಕೊಂಡಿ ಕಟ್ಟುವುದು ಇತಿಹಾಸವಲ್ಲ. ಎಬ್ಬಿಸಿದರೂ ಮರಳಿ ಬಂದು ಅದೇ ಬೆಳೆ ಹಿಡಿದರು ಎಂಬುದೇ ಅವರ ನಿಜವಾದ ಹಿರಿಮೆ.

ಹಳ್ಳಿಯ ನಡುಗಾಲದ ಸಾಕ್ಷಿ ನದಿಯಾಚೆ ಬಂಡೆಗೋಡೆಯ ಕೆಳಗಿನ ಗುಡ್ಡದ ಮೇಲಿದೆ: ಸುರ್ಬ್ ಅಸ್ತ್ವತ್ಸಾತ್ಸಿನ್, ಅಂದರೆ ದೇವಮಾತೆಯ ಚರ್ಚು. 1321ರಲ್ಲಿ ಕಟ್ಟಿದವನು ಮೊಮಿಕ್. ಈ ಮೊಮಿಕ್ ವಾಸ್ತುಶಿಲ್ಪಿ, ಶಿಲ್ಪಿ, ಹಸ್ತಪ್ರತಿಗಳಿಗೆ ಚಿತ್ರ ಬರೆಯುವವನು, ಮೂರೂ ಆಗಿದ್ದ. ಪಶ್ಚಿಮದ ಬಾಗಿಲ ಮೇಲಿನ ಕಮಾನುಹಲಗೆಯಲ್ಲಿ ಮಗುವಿನೊಂದಿಗೆ ಕುಳಿತ ಮೇರಿಯ ಉಬ್ಬುಶಿಲ್ಪವಿದೆ. ಸುತ್ತಲಿನ ಬಳ್ಳಿಯ ಕೆತ್ತನೆ ನೋಡಿದರೆ ಪುಟದ ಮೇಲೆ ಕುಂಚ ಆಡಿಸಿದ ಕೈಯೇ ಉಳಿ ಹಿಡಿದಿದೆ ಎಂದು ತಿಳಿಯುತ್ತದೆ. ಒಳಗೆ ಹೋದವರು ತಲೆಯೆತ್ತಿ ನೋಡಬೇಕು. ಗುಮ್ಮಟ ಹೊರುವ ನಾಲ್ಕು ಮೂಲೆಗಳಲ್ಲಿ ನಾಲ್ವರು ಸುವಾರ್ತಾಕಾರರ ಲಾಂಛನಗಳು, ಮತ್ತಾಯನ ಮನುಷ್ಯ, ಮಾರ್ಕನ ಸಿಂಹ, ಲೂಕನ ಎತ್ತು, ಯೋಹಾನನ ಹದ್ದು. ಬಹುತೇಕ ಪ್ರವಾಸಿಗಳು ಬಾಗಿಲಲ್ಲೇ ಫೋಟೊ ತೆಗೆದು ತಿರುಗಿಬಿಡುತ್ತಾರೆ.

ಈಗ ಕಾಣುವ ಗುಮ್ಮಟ 1321ರದಲ್ಲ. 1840ರ ಭೂಕಂಪದಲ್ಲಿ ಹಳೆಯದು ಬಿತ್ತು, 20ನೇ ಶತಮಾನದಲ್ಲಿ ಮತ್ತೆ ಕಟ್ಟಿದರು. ಕೆಳಗಿನ ಗೋಡೆ ನಿಂತು ಗುಮ್ಮಟವೇ ಯಾಕೆ ಬಿತ್ತು ಎಂಬುದಕ್ಕೆ ಅರ್ಮೇನಿಯನ್ ಕಟ್ಟುವ ಕ್ರಮದಲ್ಲಿ ಉತ್ತರವಿದೆ. ಅವರ ಗೋಡೆ ಪೂರ್ತಿ ಕಲ್ಲಲ್ಲ. ಹೊರಗೊಂದು, ಒಳಗೊಂದು ನಯವಾದ ಕಲ್ಲಿನ ಸಾಲು. ನಡುವೆ ಸುಣ್ಣದ ಗಾರೆಯಲ್ಲಿ ಕಲ್ಲುಚೂರು ಕಲಸಿ ತುಂಬಿದ ಗಟ್ಟಿ. ವರ್ಷಗಳು ಕಳೆದಂತೆ ನಡುವಿನದೇ ನಿಜವಾದ ಗೋಡೆಯಾಗಿ, ಹೊರಕಲ್ಲು ಅದರ ಚರ್ಮವಾಗುತ್ತದೆ. ಈ ಗಟ್ಟಿ ಭೂಕಂಪ ತಾಳುತ್ತದೆ. ಗುಮ್ಮಟದ ಕೆಳಗಿನ ಉರುಳೆಯಾಕಾರದ ಕತ್ತು ಮಾತ್ರ ಎತ್ತರದಲ್ಲಿದೆ, ಕಿಟಕಿಗಳಿಂದ ಸೀಳಿದೆ, ಗಟ್ಟಿ ತುಂಬಲು ಜಾಗ ಕಡಿಮೆ. ಅಡ್ಡ ಅಲುಗಾಟಕ್ಕೆ ಮೊದಲು ಕತ್ತರಿಸುವುದು ಅಲ್ಲೇ. ನಿಧಾನದ ಶತ್ರು ಬೇರೆ: ಚಾವಣಿಯ ಸಂದಿನಲ್ಲಿ ಹುಲ್ಲು ಬೇರು ಬಿಡುತ್ತದೆ, ಹಿಮ ಕರಗಿದ ನೀರು ಒಳಗಿಳಿಯುತ್ತದೆ, ಚಳಿಯಲ್ಲಿ ಹೆಪ್ಪುಗಟ್ಟಿ ಹಿಗ್ಗಿ ಹೊರಕಲ್ಲನ್ನು ನೂಕುತ್ತದೆ. ಇದಕ್ಕೆ ಸಿಮೆಂಟ್ ಮೆತ್ತಿದರೆ ಇನ್ನೂ ಕೇಡು. ಸುಣ್ಣ ಉಸಿರಾಡುತ್ತದೆ, ಸಿಮೆಂಟ್ ನೀರನ್ನು ಒಳಗೇ ಕೂಡಿಹಾಕಿ ತನ್ನ ಉಪ್ಪನ್ನೂ ಕಲ್ಲಿಗೆ ಬಿಡುತ್ತದೆ, ಕಲ್ಲಿನ ಮುಖ ಪುಡಿಯಾಗಿ ಉದುರುತ್ತದೆ. ಹಳೆಯ ದೇಗುಲಗಳ ದುರಸ್ತಿಯಲ್ಲಿ ನಮ್ಮಲ್ಲೂ ಇದೇ ತಪ್ಪು ನಡೆಯುತ್ತಿರುವುದರಿಂದ ಈ ಮಾತು ಸೇರಿಸಿದೆ.

ಮೊಮಿಕ್‌ನ ಕೊನೆಯ ಕೆಲಸ ನೋಡಬೇಕಾದರೆ ಕೊರಕಲಿನೊಳಗೆ ಸುಮಾರು ಎಂಟು ಕಿಲೋಮೀಟರ್ ಹೋಗಬೇಕು. ಅಲ್ಲಿ, ಕೆಂಪು ಬಂಡೆಗಳ ನಡುವೆ, 1205ರಲ್ಲಿ ಶುರುವಾದ ನೊರವಾಂಕ್ ಮಠವಿದೆ. 1339ರಲ್ಲಿ ಮುಗಿದ ಎರಡಂತಸ್ತಿನ ಚರ್ಚಿನ ಕೆಳಗೆ ಸಮಾಧಿ, ಮೇಲೆ ಪೂಜೆಯ ಜಾಗ. ಮೇಲೆ ಹೋಗಲು ಗೋಡೆಯಿಂದ ಹೊರಚಾಚಿದ ಕಿರಿಯ ಕಲ್ಲುಮೆಟ್ಟಿಲುಗಳು, ಹಿಡಿಯಲು ಕಂಬಿಯಿಲ್ಲ. ಹತ್ತುವುದು ಸುಲಭ. ಇಳಿಯುವಾಗ ಗೋಡೆಯ ಕಡೆ ಮುಖಮಾಡಿ ಹಿಮ್ಮುಖವಾಗಿ ಇಳಿಯಬೇಕು, ಮಳೆ ಬಿದ್ದ ದಿನ ಹತ್ತಲೇಬಾರದು. ಮೊಮಿಕ್ 1333ರಲ್ಲಿ ತೀರಿಕೊಂಡ, ಈ ಚರ್ಚು ಪೂರ್ತಿಯಾದದ್ದನ್ನು ಅವನು ನೋಡಲಿಲ್ಲ. ಅವನ ಹೆಸರಿನ ಒಂದು ಚಿಕ್ಕ ಶಿಲುಬೆಗಲ್ಲು ಅದೇ ಆವರಣದಲ್ಲಿದೆ.

ಕೊನೆಗೆ ದ್ರಾಕ್ಷಿ. ಅರೇನಿ ಎಂಬುದೇ ಇಲ್ಲಿನ ಕಪ್ಪು ತಳಿಯ ಹೆಸರು. ಸಿಪ್ಪೆ ದಪ್ಪ. ಎತ್ತರದ ಬಿರುಬಿಸಿಲಿನಿಂದಲೂ ರಾತ್ರಿಯ ಚಳಿಯಿಂದಲೂ ಹಣ್ಣನ್ನು ಕಾಯುವುದು ಅದೇ. ನಿಧಾನವಾಗಿ ಹಣ್ಣಾಗುವ ತಳಿಯಾದ್ದರಿಂದ ಕೊಯ್ಲು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ಗೆ ಜಾರುತ್ತದೆ. ವಿಜಯಪುರದ ಬೆಳೆಗಾರರು ಡಾಗ್‌ರಿಡ್ಜ್ ಎಂಬ ಬೇರೆ ದ್ರಾಕ್ಷಿಯ ಬೇರುಕಾಂಡದ ಮೇಲೆ ಕಸಿ ಕಟ್ಟುತ್ತಾರೆ. ಯುರೋಪಿನ ತೋಟಗಳೂ ಫಿಲಾಕ್ಸೆರಾ ಎಂಬ ಬೇರು ಹೇನಿನ ಕಾಟದಿಂದ ಕಸಿಗೇ ಹೋದವು. ವಾಯೊತ್ಸ್ ಜೋರ್‌ನಲ್ಲಿ ಆ ಪಿಡುಗು ನೆಲೆಯೂರದ ಕಾರಣ ಅರೇನಿ ಇಂದಿಗೂ ತನ್ನದೇ ಬೇರಿನ ಮೇಲೆ ನಿಂತಿದೆ. ಅದಕ್ಕೇ ಬೇರೆ ಕಡೆಯ ತೋಟದಲ್ಲಿ ಓಡಾಡಿದ ಬೂಟಿನಲ್ಲಿ ಇಲ್ಲಿನ ಸಾಲುಗಳೊಳಗೆ ನುಗ್ಗಬಾರದು. ಮಣ್ಣಿನ ಜೊತೆ ಹೇನು ಬಂದರೆ ಮದ್ದಿಲ್ಲ.

ಸೋವಿಯತ್ ಕಾಲದಲ್ಲಿ ಅರ್ಮೇನಿಯಾಕ್ಕೆ ಬ್ರಾಂಡಿ, ಜಾರ್ಜಿಯಾಕ್ಕೆ ವೈನ್ ಎಂಬ ಹಂಚಿಕೆ ಇತ್ತು. ಇಲ್ಲಿನ ಕೆಂಪು ವೈನ್ ಸಿಹಿಯಾಗಿ, ಸಾಧಾರಣವಾಗಿ ಉಳಿಯಿತು. 1985ರ ಗೋರ್ಬಚೆವ್ ಮದ್ಯವಿರೋಧಿ ಆಂದೋಲನದಲ್ಲಿ ಎಷ್ಟೋ ತೋಟ ಕಿತ್ತುಹಾಕಲಾಯಿತು. ಕರಾಸ್ ಎಂಬ ದೊಡ್ಡ ಮಣ್ಣಿನ ಗುಡಾಣಗಳನ್ನು ಮಾಡುವ ಕುಂಬಾರಿಕೆಯೂ ನಿಂತೇಹೋಯಿತು ಎನ್ನುವಷ್ಟು ಕ್ಷೀಣಿಸಿತು. ಒಳಮೈಗೆ ಜೇನುಮೇಣ ಸವರಿ, ಕೆಲವನ್ನು ಅರ್ಧ ನೆಲದಲ್ಲಿ ಹೂತು ಬಳಸುತ್ತಿದ್ದ ಆ ಗುಡಾಣಗಳನ್ನು ಈಗಿನ ತಯಾರಕರು ಹಳೆಯ ಮನೆಗಳ ನೆಲಮಾಳಿಗೆಯಿಂದ ಹುಡುಕಿ ತಂದು ಬಳಸುತ್ತಿದ್ದಾರೆ. 2009ರಿಂದ ಅಕ್ಟೋಬರ್ ಮೊದಲ ಶನಿವಾರ ಊರಿನಲ್ಲಿ ವೈನ್ ಹಬ್ಬವೂ ನಡೆಯುತ್ತಿದೆ.

ರಸ್ತೆಬದಿಯ ಅಂಗಡಿಗಳಲ್ಲಿ ಮನೆಯಲ್ಲಿ ಮಾಡಿದ ವೈನನ್ನು ಕೋಕಾ-ಕೋಲಾ ಬಾಟಲಿಗಳಲ್ಲಿ ಮಾರುತ್ತಾರೆ, ಇರಾನಿನ ಲಾರಿ ಚಾಲಕರಿಗೆ ಅದು ಅನುಕೂಲವಂತೆ. ನಿಮ್ಮ ಲೇಖಕರು ಒಂದನ್ನು ಊರಿಗೆ ತರಲು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಬೇಡ. ಪ್ಲಾಸ್ಟಿಕ್ ಮೂಲಕ ಗಾಳಿ ನಿಧಾನವಾಗಿ ಒಳಹೋಗುತ್ತದೆ, ಬಿಸಿಲಲ್ಲಿಟ್ಟದ್ದು ವಾರಗಳಲ್ಲೇ ಕಂದಿ ಹುಳಿಯಾಗುತ್ತದೆ. ಸಕ್ಕರೆ ಉಳಿದಿದ್ದರೆ ಮತ್ತೆ ಹುದುಗಿ ಸೂಟ್‌ಕೇಸಿನೊಳಗೇ ಒಡೆಯಬಹುದು. ಅಲ್ಲಿ ರುಚಿ ನೋಡಿ, ತರುವುದಾದರೆ ಗಾಜಿನ ಬಾಟಲಿ ತನ್ನಿ. ನಮ್ಮ ಕಸ್ಟಮ್ಸ್ ಸುಂಕವಿಲ್ಲದೆ ಬಿಡುವುದು ಒಬ್ಬರಿಗೆ ಎರಡು ಲೀಟರ್.

ಎರೆವಾನ್‌ನಲ್ಲಿ ವೈದ್ಯಕೀಯ ಓದುವ ಭಾರತದ ಮಕ್ಕಳು ಬಹಳ ಜನ. ಅವರನ್ನು ನೋಡಲು ಹೋಗುವ ತಂದೆತಾಯಂದಿರಿಗೆ ಈ ಕ್ರಮ ಉಪಯೋಗಕ್ಕೆ ಬಂದೀತು. ಮೊದಲ ದಿನ ನಗರದ ಇತಿಹಾಸ ಸಂಗ್ರಹಾಲಯ, ಸೋಮವಾರ ಬಿಟ್ಟು. ಶೂ ಅಲ್ಲೇ ನೋಡಿಕೊಳ್ಳಿ. ಮರುದಿನ, ಆ ಪ್ರಾಂತ್ಯದ ಮುಖ್ಯ ಪಟ್ಟಣ ಯೆಘೆಗ್ನಾಜೋರ್ ಕಡೆಗೆ ಹೋಗುವ ವ್ಯಾನಿನಲ್ಲಿ ಹೊರಟರೆ ಅರೇನಿಯಲ್ಲಿ ಇಳಿಯಬಹುದು. ಆದರೆ ನೊರವಾಂಕ್‌ವರೆಗೆ ಹೋಗಿ ಬರಲು ಟ್ಯಾಕ್ಸಿ ಗೊತ್ತುಮಾಡಿಕೊಳ್ಳುವುದು ವಾಸಿ, ಕೊರಕಲಿನೊಳಗೆ ವ್ಯಾನ್ ಹೋಗುವುದಿಲ್ಲ. ಬೆಳಿಗ್ಗೆ ಗುಹೆ, ನಂತರ ಮಠ, ಇಳಿಹೊತ್ತಿಗೆ ಊರಿನ ಚರ್ಚು. ಪಶ್ಚಿಮದ ಬಾಗಿಲ ಮೇಲಿನ ಶಿಲ್ಪಕ್ಕೆ ಬೆಳಕು ಬೀಳುವುದು ಆಗಲೇ. ಗುಹೆಯಲ್ಲಿ ಹಲಗೆಯ ದಾರಿ ಬಿಟ್ಟು ಕಾಲಿಡಬೇಡಿ, ಕಾಲಡಿಯ ಮಣ್ಣಿನಲ್ಲಿ ಇನ್ನೂ ಅಗೆಯದ ಭಾಗವಿದೆ. ಜುಲೈ-ಆಗಸ್ಟಿನಲ್ಲಿ ಕಣಿವೆ ಕಾಯ್ದ ಹಂಚು. ಮೇ-ಜೂನ್ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯದು.

ತಮ್ಮ ಪುಟದಲ್ಲಿ ತಿದ್ದುಪಡಿ ಹಾಕುವುದಾದರೆ ಎರಡೇ ಸಾಲು ಸಾಕು: ಅರೇನಿಯ ಗುಹೆಯಲ್ಲಿ ಸಿಕ್ಕಿದ್ದು ಈವರೆಗೆ ತಿಳಿದ ಅತಿ ಹಳೆಯ ವೈನ್ ತಯಾರಿಕಾ ಘಟಕ ಮತ್ತು ಅತಿ ಹಳೆಯ ಚರ್ಮದ ಶೂ, ಶೂ ಈಗ ಎರೆವಾನ್‌ನ ಸಂಗ್ರಹಾಲಯದಲ್ಲಿದೆ.

ಇತಿ,
ನಿಮ್ಮ ಓದುಗ, ಮೈಸೂರು